ಉಗ್ಗಪ್ಪ ತೊಳೆಯದೆ ಓಡಿಸಿದ ಮೋಟಾರ್ ಸೈಕಲ್ಲು

ನಾಯ್ಮಾರ್ಮೂಲೆಯ ಉಗ್ಗಪ್ಪನ ಶೆಡ್ಡಿಗೆ ಬಂದ ಯಾವ ಗಾಡಿಯೇ ಆಗಲಿ, ಮೊದಲು ಮೀಯಬೇಕಾಗಿತ್ತು. ಲಾರಿಯಿರಲಿ, ಬಸ್ಸಿರಲಿ, ಯಾರದೋ ಮುತ್ತಜ್ಜನ ಕಾಲದ ಕಾರಿರಲಿ, ಬಾವಿಯಿಂದ ನೀರು ಸೇದಿ, ಕೆಸರು, ಜಿಡ್ಡು, ಧೂಳು ಎಲ್ಲ ಹೋಗುವ ಹಾಗೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ಅವನು ಸ್ಪಾನರ್ ಮುಟ್ಟುತ್ತಿದ್ದದ್ದು. ಅವಸರದಲ್ಲಿ ಬಂದವರಿಗೆ ಇದೊಂದು ತಲೆನೋವು. ಟಯರಿನ ಗಾಳಿ ಹೋಗಿದೆ ಎಂದು ಹೇಳಲಿಕ್ಕೂ ಈ ಪುಣ್ಯಾತ್ಮ ಬಸ್ಸಿಗೆ ಎಣ್ಣೆಸ್ನಾನ ಮಾಡಿಸುತ್ತಾನೆ ಎಂದು ಎದುರಿನ ಚಹದಂಗಡಿಯಲ್ಲಿ ಕುಳಿತವರು ನಗುತ್ತಿದ್ದರು. ಉಗ್ಗಪ್ಪ ನಗುತ್ತಿರಲಿಲ್ಲ. ಕೊಳೆಯ ಅಡಿಯಲ್ಲಿ ಬಿರುಕು ಅಡಗಿರುತ್ತದೆ, ತೊಳೆಯದೆ ನೋಡುವವನು ಕುರುಡ ಎಂದು ಮಿಲಿಟರಿಯ ವರ್ಕ್‌ಶಾಪಿನಲ್ಲಿ ಮೇಲಿನವನೊಬ್ಬ ಅವನಿಗೆ ಬೈದು ಕಲಿಸಿದ್ದ. ಬೈಗುಳ ತಿಂದು ಕಲಿತದ್ದು ಅಷ್ಟು ಸುಲಭದಲ್ಲಿ ಮರೆತುಹೋಗುವುದಿಲ್ಲ.

ಅವನು ಹುಟ್ಟಿದ್ದು ಶಿರಿಯದಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ. ಅಪ್ಪ, ಅಣ್ಣಂದಿರು ಎಲ್ಲ ಕಡಲನ್ನು ನಂಬಿ ಬದುಕಿದವರು. ಇವನೊಬ್ಬ ಮಾತ್ರ ದೋಣಿ ಅಳಿವೆ ದಾಟುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದ. ಮನೆಗೆ ಅದೊಂದು ನಾಚಿಕೆಯ ಸಂಗತಿ. ನೆಲದ ಮೇಲೆ ಎಲ್ಲಾದರೂ ಹೊಟ್ಟೆ ಹೊರೆದುಕೋ ಎಂದು ಕೊನೆಗೆ ಅಪ್ಪನೇ ಕೈಬಿಟ್ಟ. ಯುದ್ಧ ಶುರುವಾದಾಗ ಉಗ್ಗಪ್ಪ ಮಂಗಳೂರಿಗೆ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟ. ಹಡಗಿನಲ್ಲಿ ಬಸ್ರಾಕ್ಕೆ ಹೋಗುವಾಗ ದಾರಿಯುದ್ದಕ್ಕೂ ವಾಂತಿ ಮಾಡಿದೆ ಎನ್ನುವುದನ್ನು ಬಿಟ್ಟರೆ ಯುದ್ಧದ ವಿಷಯವಾಗಿ ಅವನಿಗೆ ಹೇಳಲಿಕ್ಕೆ ಹೆಚ್ಚೇನೂ ಇರಲಿಲ್ಲ. ಗುಂಡು ಹಾರಿಸಿದವನಲ್ಲ; ಮರಳು ತುಂಬಿದ ಇಂಜಿನುಗಳನ್ನು ಬಿಚ್ಚಿ ಜೋಡಿಸಿದವನು. ಯುದ್ಧ ಮುಗಿದು ಬಂದವನು ಸುಂದರಿಯನ್ನು ಮದುವೆಯಾಗಿ, ನಾಯ್ಮಾರ್ಮೂಲೆಯ ರಸ್ತೆಬದಿಯಲ್ಲಿ ತೆಂಗಿನ ಮಡಲು ಹೊದೆಸಿದ ಒಂದು ಶೆಡ್ಡು ಹಾಕಿದ.

ಮಾತು ಕಮ್ಮಿ. ಒಂದು ಸಣ್ಣ ಮರದ ಕೋಲಿನ ತುದಿಯನ್ನು ಇಂಜಿನಿಗೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಕೆಲಸ. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ 'ಸರಿಯಾಯ್ತು' ಎಂದು ಒಂದೇ ಮಾತು. ಆ ಒಂದು ಮಾತಿನ ಮೇಲೆ ಬಸ್ಸಿನವರು ಜನ ತುಂಬಿಕೊಂಡು ಸುಳ್ಯದ ಕಡೆಗೆ ಹೊರಡುತ್ತಿದ್ದರು. ಉಗ್ಗಪ್ಪ ಸರಿಯಾಯಿತು ಎಂದರೆ ಆಯಿತು, ಮತ್ತೆ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. ಅವನ ಹತ್ತಿರ ಹೇಳಿಕೊಳ್ಳುವಂಥ ಆಸ್ತಿ ಅಂತ ಇದ್ದದ್ದು ಆ ಮಾತು ಮಾತ್ರ. ಅದನ್ನು ಅವನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದ.

ನೆಕ್ರಾಜೆಯ ಜನಾರ್ದನ ಭಟ್ಟರ ಮೋಟಾರ್ ಸೈಕಲ್ಲು ಅವನ ಕೈಗೆ ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಭಟ್ಟರದ್ದು ಜಮೀನು ಅಳೆಯುವ ಕೆಲಸ. ಗುಡ್ಡ ಬಯಲು ಎನ್ನದೆ ಅಳತೆಯ ಸರಪಳಿ ಹೊತ್ತುಕೊಂಡು ತಿರುಗಿ ತಿರುಗಿ ಕಾಲು ಸೋತು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ಗಾಡಿಯನ್ನು ಹಿಡಿದು ತಂದಿದ್ದರು. ಕಪ್ಪು ಬಣ್ಣದ ಅಡಿಯಿಂದ ಖಾಕಿ ಅಲ್ಲಲ್ಲಿ ಇಣುಕುತ್ತಿತ್ತು. ಆನೆಯಷ್ಟು ಭಾರ. ಆದರೆ ಇಂಜಿನಿನಲ್ಲಿ ಇನ್ನೂ ಒಳ್ಳೆಯ ಆಯುಷ್ಯವಿತ್ತು.

ಭಟ್ಟರ ಹೆಂಡತಿ ವೆಂಕಟಲಕ್ಷ್ಮಿಗೆ ಆ ಗಾಡಿಯೆಂದರೆ ಭಯ. ಗಂಡ ಅದರ ಮೇಲೆ ಕುಳಿತು ಇಳಿಜಾರಿನಲ್ಲಿ ಮರೆಯಾದರೆ ತಿರುಗಿ ಬರುವ ತನಕ ಆಕೆಯ ಜೀವ ಕೈಯಲ್ಲಿ. ಮೊದಲ ಆಯುಧಪೂಜೆಯ ದಿನ ಎಲ್ಲರ ಹಾಗೆ ಆಕೆಯೂ ಗಾಡಿಗೆ ಗಂಧ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿದಳು. ಉಳಿದವರು ಅಷ್ಟಕ್ಕೇ ಬಿಡುತ್ತಾರೆ, ಆಕೆ ಬಿಡಲಿಲ್ಲ. ದೇವರ ಪೂಜೆಗೆಂದು ದಿನವೂ ತೇಯುವ ಗಂಧದಲ್ಲಿ ಒಂದು ಪಾಲು ಗಾಡಿಗೂ ಎತ್ತಿಡತೊಡಗಿದಳು. ಎಲ್ಲಿ ಹಚ್ಚಬೇಕೆಂಬುದಕ್ಕೂ ಆಕೆಯದ್ದೇ ಒಂದು ಲೆಕ್ಕಾಚಾರ. ಮುಂದಿನ ದೀಪ ಕಣ್ಣಾದರೆ ಟ್ಯಾಂಕಿಯ ಮೇಲಿನ ದುಂಡಗಿನ ಮುಚ್ಚಳ ಹಣೆಯಲ್ಲದೆ ಮತ್ತೇನು? ಆ ಮುಚ್ಚಳದ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿ ಗಂಧದ ಬೊಟ್ಟು, ಅದರ ಮೇಲೆ ಚಿಟಿಕೆ ಕುಂಕುಮ. ಭಟ್ಟರು ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಅವರಿಗೂ ಬೊಟ್ಟಿಲ್ಲದ ಗಾಡಿಯನ್ನು ಕಿಕ್ ಹೊಡೆಯಲು ಮನಸ್ಸು ಬಾರದಂತಾಯಿತು. ಅವರಿಗೆ ಇದ್ದವನು ಒಬ್ಬನೇ ಮಗ, ಕೃಷ್ಣಕುಮಾರ. ಉಪನಯನವಾದ ಹುಡುಗ. ಅಮ್ಮ ಗಂಧ ತೇಯುವಾಗ ಅವನು ಪಕ್ಕದಲ್ಲಿ ಕುಳಿತು ಸಂಧ್ಯಾವಂದನೆಯ ಮಂತ್ರ ತಪ್ಪುತಪ್ಪಾಗಿ ಹೇಳುತ್ತಿದ್ದ.

ಗಾಡಿ ನಿಲ್ಲುವ ಚಾಳಿ ಶುರುವಾದದ್ದು ದೀಪಾವಳಿಯ ಆಸುಪಾಸಿನಲ್ಲಿ. ಮನೆಯಿಂದ ಹೊರಟು ಐದಾರು ಮೈಲು ರಾಜನ ಹಾಗೆ ಓಡುವುದು, ಆಮೇಲೆ ಕೆಮ್ಮುವುದು, ನಿಲ್ಲುವುದು. ಭಟ್ಟರು ಬೆವರಿಳಿಸಿಕೊಂಡು ಕಿಕ್ ಹೊಡೆದೂ ಹೊಡೆದೂ ಸೋತು ಮರದಡಿ ಕುಳಿತು ಎಲೆಯಡಿಕೆ ಹಾಕಿಕೊಂಡರೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೊರಡುವುದು. ಮತ್ತೆ ಒಂದೆರಡು ಮೈಲಿಗೆ ಅದೇ ಹಾಡು. ಪೆಟ್ರೋಲು ಮುಗಿಯಿತೇ ಎಂದು ಮುಚ್ಚಳ ತೆಗೆದು ನೋಡಿದ ದಿನ ಮಾತ್ರ ಅದು ಬೇಗ ಹೊರಡುತ್ತಿತ್ತು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಉಗ್ಗಪ್ಪ ಅದನ್ನು ತೊಳೆದ. ಪ್ಲಗ್ ಬಿಚ್ಚಿ ಉಜ್ಜಿದ. ಕಾರ್ಬೊರೇಟರಿನ ಒಂದೊಂದು ಕಂಡಿಯನ್ನೂ ಬಾಯಿಯಿಂದ ಊದಿ ನೋಡಿದ. ಓಡಿಸಿಕೊಂಡು ಚೆರ್ಕಳದವರೆಗೆ ಹೋಗಿ ಬಂದ. ಎಲ್ಲಿಯೂ ನಿಲ್ಲಲಿಲ್ಲ. ಸರಿಯಾಯಿತು ಎಂದ. ಮರುದಿನವೇ ಅದು ಭಟ್ಟರನ್ನು ನಡುದಾರಿಯಲ್ಲಿ ಇಳಿಸಿತು. ಮತ್ತೊಮ್ಮೆ ತೊಳೆದು, ಈ ಸಲ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಬಿಚ್ಚಿದ. ಟ್ಯಾಂಕಿ ಕಳಚಿ ಒಳಗಿನ ತುಕ್ಕನ್ನೆಲ್ಲ ತೆಗೆದ. ಅವನ ಕೈಯಲ್ಲಿ ಮಗುವಿನ ಹಾಗೆ ಓಡಿದ್ದು ಭಟ್ಟರ ಕೈಗೆ ಹೋದ ಕೂಡಲೇ ಹಠ ಹಿಡಿಯುತ್ತಿತ್ತು. ಭಟ್ಟರಿಗೆ ಓಡಿಸಲಿಕ್ಕೆ ಬರುವುದಿಲ್ಲವೇನೋ ಎಂಬ ಸಂಶಯವೂ ಅವನಿಗೆ ಬಂತು, ಮರ್ಯಾದೆಗೆ ಹೇಳಲಿಲ್ಲ. ಅತ್ತ ವೆಂಕಟಲಕ್ಷ್ಮಿ, ಗಾಡಿ ನಿಂತ ಸುದ್ದಿ ಕೇಳಿದಷ್ಟೂ ಗಂಧವನ್ನು ದಪ್ಪ ಮಾಡುತ್ತಾ ಹೋದಳು.

ಆ ವರ್ಷ ಬೇಸಿಗೆ ಬಂದಾಗ ಊರಿಗೆ ವಾಂತಿಭೇದಿ ಬಂತು. ಒಂದು ದಿನ ಬೆಳಿಗ್ಗೆ ಉಗ್ಗಪ್ಪ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ಚೆಂಗಳದ ಕಡೆಯಿಂದ ಭಟ್ಟರು ಗಾಡಿಯನ್ನು ದೂಡಿಕೊಂಡು ಓಡಿ ಬರುತ್ತಿರುವುದು ಕಾಣಿಸಿತು. ಏದುಸಿರು ಬಿಡುತ್ತಿದ್ದರು.

"ಉಗ್ಗಪ್ಪಾ, ಮಗನಿಗೆ ವಾಂತಿಭೇದಿ. ಬೆಳಗಾಗುವಾಗ ಶುರುವಾದದ್ದು. ಕಣ್ಣು ಒಳಗೆ ಹೋಗಿದೆ. ಡಾಕ್ಟ್ರನ್ನು ಕರ್ಕೊಂಡು ಹೋಗ್ಬೇಕು. ಇದು ನೋಡು, ಇವತ್ತೂ ನಿಂತಿತು."

ಜನ್ಮದಲ್ಲಿ ಮೊದಲ ಸಲ ಉಗ್ಗಪ್ಪ ತೊಳೆಯಲು ಹೋಗಲಿಲ್ಲ. ತೊಳೆಯುವ ಸಮಯವಾಗಿರಲಿಲ್ಲ ಅದು. ಪೆಟ್ರೋಲು ಇದೆಯೇ ಎಂದು ನೋಡಲು ಮುಚ್ಚಳಕ್ಕೆ ಕೈ ಹಾಕಿದ. ಅದರ ನಡುವೆ ಗಂಧ ಇನ್ನೂ ಹಸಿಯಾಗಿ, ದಪ್ಪವಾಗಿ ಕೂತಿತ್ತು. ಆ ಗಡಿಬಿಡಿಯಲ್ಲೂ ತಾಯಿ ಮರೆಯದೆ ಇಟ್ಟು ಕಳಿಸಿದ್ದಳು. ದೇವರ ಗಂಧ, ತನ್ನ ಜಿಡ್ಡು ಕೈ ತಾಗಬಾರದೆಂದು ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಪೆಟ್ರೋಲು ಇತ್ತು. ಹಾಗೆಯೇ ಮುಚ್ಚಿದ. ಪ್ಲಗ್ ಒರೆಸಿ ಹಾಕಿ ಕಿಕ್ ಹೊಡೆದರೆ ಒಂದೇ ಏಟಿಗೆ ಹೊರಟಿತು. ಕೋಲು ತರಲಿಲ್ಲ, ಬರಿಗಿವಿಯಲ್ಲಿ ಕೇಳಿದ. ಶಬ್ದ ಶುದ್ಧವಾಗಿತ್ತು.

"ಸರಿಯಾಯ್ತು ಭಟ್ರೇ, ಹೋಗಿ" ಎಂದ.

ಸ್ವಲ್ಪ ಹೊತ್ತಿನಲ್ಲಿ ಗಾಡಿ ಕಾಸರಗೋಡಿನಿಂದ ತಿರುಗಿ ಬಂತು. ಹಿಂದೆ ಡಾಕ್ಟರು, ಅವರ ತೊಡೆಯ ಮೇಲೆ ಸಲೈನಿನ ಪೆಟ್ಟಿಗೆ. ಶೆಡ್ಡಿನ ಮುಂದೆ ನಿಲ್ಲದೆ ಹೋದದ್ದನ್ನು ನೋಡಿ ಉಗ್ಗಪ್ಪನಿಗೆ ಸಮಾಧಾನವಾಯಿತು. ಬಾವಿಗೆ ಹೋಗಿ ಬೇರೊಂದು ಲಾರಿಗೆ ನೀರು ಸೇದಿದ.

ಅಷ್ಟರಲ್ಲಿ ಅತ್ತ ಗಾಡಿ ಎಡನೀರಿನ ಹತ್ತಿರ ಏರಿನಲ್ಲಿ ನಿಂತಿತ್ತು. ಭಟ್ಟರು ಕಿಕ್ ಹೊಡೆದರು, ಪ್ಲಗ್ ಬಿಚ್ಚಿದರು, ಕೈ ಸುಟ್ಟುಕೊಂಡರು. ಹೊರಟಿತು, ಏರು ಮುಗಿಯುವ ಮೊದಲೇ ಮತ್ತೆ ನಿಂತಿತು. ಕೊನೆಗೆ ಡಾಕ್ಟರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಿಸಿಲಿನಲ್ಲಿ ನಡೆದೇ ಹೊರಟರು. ಮನೆ ಮುಟ್ಟಿ ಸೂಜಿ ಚುಚ್ಚಲು ನೋಡಿದರೆ ಹುಡುಗನ ಕೈಯಲ್ಲಿ ನರ ಸಿಕ್ಕಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೆ ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರಾದವರು ಆಡಬಾರದ ಮಾತು ಅದು, ಆದರೆ ಅಷ್ಟು ದೂರ ಪೆಟ್ಟಿಗೆ ಹೊತ್ತು ಬಂದ ಆ ಮನುಷ್ಯನನ್ನು ಬೈಯುವುದು ಹೇಗೆ?

ಉಗ್ಗಪ್ಪ ಮರುದಿನ ನೆಕ್ರಾಜೆಗೆ ಹೋಗಿ ಅಂಗಳದ ತುದಿಯಲ್ಲಿ ನಿಂತ. ಒಳಗಿನಿಂದ ಅಳುವ ಸದ್ದಿರಲಿಲ್ಲ. ಭಟ್ಟರು ಜಗಲಿಗೆ ಬಂದು ಅವನನ್ನು ನೋಡಿದರು. ನೀನು ಸರಿಯಾಯ್ತು ಅಂತ ಹೇಳಿದ್ದಿ ಎಂದಷ್ಟೇ ಹೇಳಿ ಒಳಗೆ ಹೋದರು.

ಸುದ್ದಿಗೆ ಬಸ್ಸು ಬೇಕಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಚೆರ್ಕಳದಿಂದ ಕಾಸರಗೋಡಿನವರೆಗೆ ಎಲ್ಲರಿಗೂ ಗೊತ್ತಾಯಿತು, ಉಗ್ಗಪ್ಪ ರಿಪೇರಿ ಮಾಡಿದ ಗಾಡಿ ನಿಂತು ಭಟ್ಟರ ಒಬ್ಬನೇ ಮಗ ಹೋದ ಎಂದು. ಅವನ ಮಾತನ್ನೇ ಜನ ತಮಾಷೆಗೆ ತೆಗೆದುಕೊಂಡರು. ಚಹದಂಗಡಿಯಲ್ಲಿ ಹಾಲು ಒಡೆದರೆ 'ಸರಿಯಾಯ್ತು, ಉಗ್ಗಪ್ಪನ ಸರಿಯಾಯ್ತು ಮಾರಾಯ' ಎನ್ನುತ್ತಿದ್ದರು. ಬಸ್ಸಿನವರು ಬೇರೆ ಕಡೆ ನೋಡಿಕೊಂಡರು. ಬಾವಿಕಟ್ಟೆಯಲ್ಲಿ ಸುಂದರಿ ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ಉಗ್ಗಪ್ಪನಿಗೆ ಇದೆಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು, ತಪ್ಪು ಎಲ್ಲಾಯಿತೆಂದು ತನಗೇ ತಿಳಿಯದೆ ಹೋದದ್ದು. ಕೊಂದದ್ದು ತಾನೇ ಆದರೆ ಯಾವ ಬೆರಳಿನಿಂದ ಕೊಂದೆ ಎಂದಾದರೂ ಗೊತ್ತಾಗಬೇಕಲ್ಲ. ಊಟಕ್ಕೆ ಕುಳಿತರೂ ಅವನ ಕೈ ಅನ್ನದಲ್ಲಿ ಪ್ಲಗ್ ಬಿಚ್ಚುತ್ತಿತ್ತು.

ಹದಿಮೂರರ ಕಾರ್ಯವೂ ಕಳೆದ ಮೇಲೆ ಒಂದು ಬೆಳಿಗ್ಗೆ ಭಟ್ಟರು ಅದೇ ಗಾಡಿಯನ್ನು ದೂಡಿಕೊಂಡು ಶೆಡ್ಡಿಗೆ ಬಂದರು. ಮತ್ತೆ ಚೆಂಗಳದ ಹತ್ತಿರ ನಿಂತಿತ್ತು. ಬೋಳಿಸಿದ ತಲೆ, ಸೋತ ಮುಖ. ಅವರಿಗೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಇದನ್ನು ಕಳಚಿ ತೂಕಕ್ಕೆ ಹಾಕಿಬಿಡು, ಕಣ್ಣಿಗೆ ಕಾಣಿಸುವುದು ಬೇಡ ಎಂದರು. ಹೊರಟವರು ತಿರುಗಿ ನಿಂತು, ತಮ್ಮಷ್ಟಕ್ಕೆ ಹೇಳಿಕೊಳ್ಳುವವರ ಹಾಗೆ ಇನ್ನೊಂದು ಮಾತು ಸೇರಿಸಿದರು.

"ಸೂತಕದ ಹತ್ತು ದಿನವೂ ಇದರಲ್ಲೇ ತಿರುಗಿದೆ. ಪುರೋಹಿತರಲ್ಲಿಗೆ, ನೆಂಟರಲ್ಲಿಗೆ, ಪೇಟೆಗೆ. ಒಂದು ದಿನವೂ ನಿಲ್ಲಲಿಲ್ಲ. ಅವನು ಹೋದದ್ದೇ ಇದಕ್ಕೆ ಬೇಕಾಗಿತ್ತು ಅನ್ನುವ ಹಾಗೆ ಓಡಿತು. ಇವತ್ತು ಮತ್ತೆ ನಿಂತಿತು."

ಅವರು ಹೋದ ಮೇಲೆ ಉಗ್ಗಪ್ಪ ಆ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಸೂತಕದಲ್ಲಿ ಓಡಿದೆ. ತಾನು ತೊಳೆದಾಗಲೆಲ್ಲ ಓಡಿದೆ. ಮನೆಯಿಂದ ಹೊರಟಾಗ ನಿಂತಿದೆ. ಕೊಡಪಾನಕ್ಕೆ ಹೋದ ಕೈಯನ್ನು ಅವನು ಹಿಂದೆ ತೆಗೆದ. ತೊಳೆಯುವುದು ಬೇಡ, ಹೇಗೆ ಬಂದಿದೆಯೋ ಹಾಗೇ ಓಡಿಸಿ ನೋಡುವ ಎನಿಸಿತು. ಅಷ್ಟು ವರ್ಷಗಳಲ್ಲಿ ಅವನು ಮಾಡದೆ ಬಿಟ್ಟ ಕೆಲಸ ಅದೊಂದೇ ಆಗಿತ್ತು.

ದೂಡಿ ನಿಲ್ಲಿಸಿ ಬಹಳ ಹೊತ್ತಾಗಿದ್ದರಿಂದ ಅದು ಸುಲಭದಲ್ಲಿ ಹೊರಟಿತು. ಚೆಂಗಳ ದಾಟಿತು, ಚೆರ್ಕಳ ದಾಟಿತು. ಕೆಂಪು ಮುರಕಲ್ಲಿನ ಬೋಳುಗುಡ್ಡದ ಮೇಲೆ, ನೆರಳಿಗೆ ಒಂದು ಗೇರುಮರವೂ ಇಲ್ಲದ ಕಡೆ ಕೆಮ್ಮಿ ನಿಂತಿತು. ಅವನು ಇಳಿಯಲಿಲ್ಲ. ಕಿಕ್ ಹೊಡೆಯಲಿಲ್ಲ. ಮೆಲ್ಲನೆ ಮುಚ್ಚಳದ ಅಂಚು ಹಿಡಿದು ತಿರುಗಿಸಿದ. ಸುಯ್ ಎಂದು ಗಾಳಿ ಒಳಗೆ ಹೋದ ಸದ್ದು ಕೇಳಿಸಿತು. ಅಷ್ಟು ಹೊತ್ತು ಉಸಿರು ಕಟ್ಟಿ ಹಿಡಿದವರು ಬಾಯಿ ತೆರೆದಂತೆ.

ಮುಚ್ಚಳವನ್ನು ಮಗುಚಿ ಬಿಸಿಲಿಗೆ ಹಿಡಿದ. ಪೆಟ್ರೋಲು ಕೆಳಗಿಳಿದ ಹಾಗೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದ ನಡುವೆ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಅಲ್ಲಿ ಬೆಳಕು ಕಾಣಲಿಲ್ಲ. ಗಂಧ ಕೂತು ಒಣಗಿ ಕಲ್ಲಾಗಿತ್ತು. ಗಾಳಿ ಬಾರದೆ ಪೆಟ್ರೋಲು ಇಳಿಯುವುದಿಲ್ಲ, ಇಂಜಿನು ನಿಲ್ಲುತ್ತದೆ. ಅವನು ತೊಳೆದಾಗಲೆಲ್ಲ ಗಂಧ ಹೋಗಿ ತೂತು ತೆರೆಯುತ್ತಿತ್ತು. ಸೂತಕದಲ್ಲಿ ಗಂಧ ಇಡುವುದಿಲ್ಲ, ಇದ್ದದ್ದನ್ನೂ ತೊಳೆದಿರಬೇಕು. ಉಗುರಿನಿಂದ ಕೆರೆದು ತೆಗೆದು ಓಡಿಸಿದ. ಎಡನೀರು, ಅದರಾಚೆ, ತಿರುಗಿ ಚೆರ್ಕಳ, ಗಾಡಿ ನಿಲ್ಲಲಿಲ್ಲ. ಒದ್ದೆ ಮಣ್ಣು ಮೆತ್ತಿ ಓಡಿಸಿದ, ನಿಂತಿತು.

ಅವನಿಗೆ ಸಂತೋಷವಾಯಿತು. ಹೇಳಲು ನಾಚಿಕೆಯಾಗುವಂಥ, ಎದೆ ತುಂಬುವಂಥ ಸಂತೋಷ. ತನ್ನ ಕೈಯದ್ದಲ್ಲ ತಪ್ಪು. ರಸ್ತೆಯ ನಡುವೆ ನಿಂತು ಒಬ್ಬನೇ ನಕ್ಕ. ಊರಿಗೆ ಹೋಗಿ ಚಹದಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತು ಹೇಳಬೇಕೆನಿಸಿತು. ಮನೆ ಮುಟ್ಟುವ ತನಕವೂ ಆ ಸಂತೋಷ ಅವನನ್ನು ಬಿಡಲಿಲ್ಲ.

ಸುಂದರಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಜಿ ಬಸಿಯುತ್ತಿದ್ದಳು. ಅವನು ತುಳುವಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳ ಮುಖವೂ ಅರಳಿತು. ಈಗಲೇ ಹೋಗಿ ಹೇಳಿ, ಊರಿಗೆಲ್ಲ ಗೊತ್ತಾಗಲಿ, ನಾನೂ ಬಾವಿಕಟ್ಟೆಯಲ್ಲಿ ತಲೆಯೆತ್ತಿ ನಿಲ್ಲುತ್ತೇನೆ ಎಂದಳು. ಆಮೇಲೆ ಅವಳ ಕೈ ನಿಂತಿತು.

"ಆ ದಿನವೂ ಗಂಧ ಇತ್ತಾ?"

"ಇತ್ತು. ಹಸಿ ಇತ್ತು. ದಪ್ಪ ಇತ್ತು."

"ಇಟ್ಟದ್ದು ಆ ಅಕ್ಕ."

"ಹೌದು."

ಸುಂದರಿ ಮಗುವನ್ನು ಸೊಂಟದಿಂದ ಎದೆಗೆ ಬದಲಾಯಿಸಿಕೊಂಡಳು. "ಹಾಗಾದ್ರೆ ಅದನ್ನು ಹೇಳುವ ಬಾಯಿ ಯಾರದ್ದು?" ಎಂದಳು.

ಉಗ್ಗಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಳಿತ. ಸಂತೋಷವೆಲ್ಲ ಇಳಿದುಹೋಯಿತು. ಅದು ತನಗೆ ಆಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ತನ್ನ ಹೆಸರನ್ನು ತೊಳೆಯಬೇಕಾದರೆ ಆ ಕೊಳೆಯನ್ನು ಸುರಿಯುವುದು ಒಬ್ಬ ತಾಯಿಯ ಹೆಬ್ಬೆರಳಿನ ಮೇಲೆ. ಭಟ್ಟರಿಗೆ ಮಾತ್ರ ಗುಟ್ಟಿನಲ್ಲಿ ಹೇಳಿದರೆ? ಗಂಡನ ಹೊಟ್ಟೆಯಲ್ಲಿ ಕೂತ ಅಂಥ ಮಾತು ಒಂದಲ್ಲ ಒಂದು ದಿನ ಸಿಟ್ಟಿನ ಹೊತ್ತಿಗೆ ಹೊರಗೆ ಬಿದ್ದೇ ಬೀಳುತ್ತದೆ.

ಸಂಜೆಯೊಳಗೆ ಅವನು ಒಂದು ಕೆಲಸ ಮಾಡಿ ಮುಗಿಸಿದ. ಮುಚ್ಚಳದ ಅಂಚಿನ ಒಳಮೈಯಲ್ಲಿ, ಎಷ್ಟು ಗಂಧ ಬಳಿದರೂ ತಲುಪದ, ಹೊರಗಿನವರ ಕಣ್ಣಿಗೆ ಬೀಳದ ಕಡೆ ಎರಡು ಸಣ್ಣ ತೂತು ಕೊರೆದ. ನಡುವಿನ ಹಳೆಯ ತೂತನ್ನು ಬೆಸುಗೆ ಹಾಕಿ ಮುಚ್ಚಿ, ಉಜ್ಜಿ ನಯಮಾಡಿದ. ಈಗ ಅದು ಬರೀ ಹಣೆ. ಮರುದಿನ ಗಾಡಿಯನ್ನು ತಾನೇ ಓಡಿಸಿಕೊಂಡು ನೆಕ್ರಾಜೆಗೆ ಹೋದ.

ಭಟ್ಟರು ಜಗಲಿಯಲ್ಲಿದ್ದರು. ಬಾಗಿಲ ಬಳಿ ವೆಂಕಟಲಕ್ಷ್ಮಿ ನಿಂತಿದ್ದಳು. ಉಗ್ಗಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದ. ಪೆಟ್ರೋಲು ಇಳಿಯುವ ನಳಿಗೆಯೊಳಗೆ ಒಂದು ಬಟ್ಟೆಯ ಎಳೆ ಸಿಕ್ಕಿತ್ತು. ತಾನು ಒರೆಸುವ ಬಟ್ಟೆಯದೇ ಎಳೆ. ಟ್ಯಾಂಕಿ ಕಳಚಿದಾಗ ಒಳಗೆ ಸೇರಿರಬೇಕು. ತಪ್ಪು ತನ್ನದು.

"ಬಟ್ಟೆಯ ಎಳೆಯಾ?" ಎಂದು ಭಟ್ಟರು ಕೇಳಿದರು. ಅವರ ಕೈ ಜಗಲಿಯ ಕಂಬವನ್ನು ಹಿಡಿದಿತ್ತು.

ಮುಂದಿನ ಮಾತು ವೆಂಕಟಲಕ್ಷ್ಮಿಯದು. ಆಕೆ ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ನಿದ್ದೆಯಿಲ್ಲದ ಕಣ್ಣು.

"ಉಗ್ಗಪ್ಪಾ, ನಾನೊಂದು ಕೇಳ್ತೇನೆ. ಸೂತಕ ಬಂತೂಂತ ಇದ್ದ ಗಂಧ ತೊಳೆದೆ, ಮತ್ತೆ ಇಡ್ಲಿಲ್ಲ, ಗಾಡಿ ನಿಲ್ಲಲಿಲ್ಲ. ಶುದ್ಧ ಆದ ಮೇಲೆ ಇಟ್ಟೆ, ನಿಂತಿತು. ನನ್ನ ಕೈಯಲ್ಲೇ ಎಂತದೋ ಉಂಟು, ಅಲ್ವಾ?"

ಆಕೆಗೆ ತೂತಿನ ವಿಷಯ ಗೊತ್ತಿರಲಿಲ್ಲ, ಗಾಳಿಯ ವಿಷಯ ಗೊತ್ತಿರಲಿಲ್ಲ. ಬೇರೆ ಯಾವುದೋ ದಾರಿಯಲ್ಲಿ, ಒಬ್ಬಳೇ, ಅದೇ ಜಾಗಕ್ಕೆ ಬಂದು ನಿಂತಿದ್ದಳು. ತನ್ನ ಕೈಯನ್ನು ದೇವರು ಒಲ್ಲನೆಂದು ನಂಬಿ ಬದುಕುವುದೂ, ತನ್ನ ಕೈಯೇ ಮಗನ ದಾರಿ ಮುಚ್ಚಿತೆಂದು ತಿಳಿದು ಬದುಕುವುದೂ, ಎರಡರಲ್ಲಿ ಯಾವುದು ಹೆಚ್ಚು ಭಾರ ಎಂದು ಯಾರು ತೂಗಿ ಹೇಳಬೇಕು?

"ಇಲ್ಲ ಅಕ್ಕ. ಎಳೆ ನಳಿಗೆಯೊಳಗೆ ಅಲ್ಲಾಡ್ತಾ ಇತ್ತು. ಒಮ್ಮೆ ಅಡ್ಡ ಬರ್ತದೆ, ಒಮ್ಮೆ ಬದಿಗೆ ಹೋಗ್ತದೆ. ಗಂಧಕ್ಕೂ ಅದಕ್ಕೂ ಎಂತ ಸಂಬಂಧ?"

"ನಿನಗೆ ನನ್ನ ಮೇಲೆ ಕನಿಕರ. ಅದಕ್ಕೆ ಹೇಳ್ತಿ."

"ಹಾಗಾದ್ರೆ ಈಗಲೇ ಗಂಧ ಇಡಿ ಅಕ್ಕ. ದಪ್ಪ ಇಡಿ. ಭಟ್ರು ಬದಿಯಡ್ಕಕ್ಕೆ ಹೋಗಿ ಬರ್ಲಿ. ನೀವೇ ನೋಡಿ."

ಆಕೆ ಒಳಗೆ ಹೋದಳು. ಕಲ್ಲಿನ ಮೇಲೆ ಗಂಧದ ಕೊರಡು ತೇಯುವ ಸದ್ದು ಅಂಗಳಕ್ಕೆ ಕೇಳಿಸಿತು. ಎಲೆಯ ಚೂರಿನಲ್ಲಿ ಮುದ್ದೆ ಗಂಧ ತಂದು, ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಟ್ಟಳು. ಭಟ್ಟರು ಯಾರ ಮುಖವನ್ನೂ ನೋಡದೆ ಗಾಡಿ ಹತ್ತಿದರು.

ಆಮೇಲೆ ಕಾಯುವುದು. ವೆಂಕಟಲಕ್ಷ್ಮಿ ಮೆಟ್ಟಿಲ ಮೇಲೆ ಕುಳಿತಳು. ಉಗ್ಗಪ್ಪ ಅಂಗಳದ ತುದಿಯಲ್ಲಿ ನಿಂತ. ಗುಡ್ಡದಾಚೆಗೆ ಶಬ್ದ ಸಣ್ಣದಾಗಿ ಇಲ್ಲವಾಯಿತು. ಕೊರೆದ ತೂತು ಸಾಕೋ ಸಾಲದೋ, ಅಂಚಿನೊಳಗೆ ಧೂಳು ಸೇರಿದರೆ, ಬಿಸಿಲಿಗೆ ಗಂಧ ಕರಗಿ ಇಳಿದರೆ ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು. ಇಂದು ಗಾಡಿ ನಿಂತರೆ ಈ ಹೆಂಗಸು ಇನ್ನು ಏಳಲಾರಳು. ಶಿರಿಯದ ದಡದಲ್ಲಿ ಅಪ್ಪ ಹರಕೆ ಹೇಳಿಕೊಳ್ಳುತ್ತಿದ್ದ ದೈವವನ್ನು ನೆನೆದ. ತನ್ನ ಹೆಸರು ಉಳಿಯಲಿ ಎಂದು ಕೇಳಿಕೊಳ್ಳುವ ಕಾಲ ಹೋಗಿತ್ತು. ಗಾಡಿ ಓಡಿದರೆ ಸಾಕು ಎಂದ.

ಬಹಳ ಹೊತ್ತಿನ ಮೇಲೆ ಬದಿಯಡ್ಕದ ಕಡೆಯಿಂದ ಶಬ್ದ ಬಂತು. ಬೆಳೆಯಿತು. ಏರು ಹತ್ತಿತು. ಅಂಗಳಕ್ಕೆ ಬಂದು ನಿಂತಾಗ ಭಟ್ಟರು ಇಂಜಿನು ಆರಿಸಿ, ಎಲ್ಲಿಯೂ ನಿಲ್ಲಲಿಲ್ಲ ಎಂದರು.

ವೆಂಕಟಲಕ್ಷ್ಮಿ ಎದ್ದು ಹೋಗಿ ಟ್ಯಾಂಕಿಯ ಮೇಲೆ ಒಣಗಿದ ಗಂಧವನ್ನು ಮುಟ್ಟಿ ನೋಡಿದಳು. ಮಗ ಹೋದ ದಿನವೂ ಬಾರದ ಅಳು ಈಗ ಬಂತು. ಗಂಡನ ತೋಳು ಹಿಡಿದು, ನನ್ನಿಂದ ಅಲ್ಲ, ನೋಡಿ, ನನ್ನಿಂದ ಅಲ್ಲ ಎಂದು ಹೇಳಿದ್ದನ್ನೇ ಹೇಳುತ್ತಾ ಅತ್ತಳು. ಭಟ್ಟರೂ ಅತ್ತರು. ಉಗ್ಗಪ್ಪ ನೆಲ ನೋಡುತ್ತಾ ನಿಂತಿದ್ದ.

ಅಳು ಇಳಿದ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನೀನು ಸುಳ್ಳು ಹೇಳಿ ತಪ್ಪಿಸ್ಕೊಳ್ಬಹುದಿತ್ತು. ಹೇಳ್ಲಿಲ್ಲ. ಅದು ದೊಡ್ಡದು. ಆದ್ರೆ ಇನ್ನು ಈ ಅಂಗಳಕ್ಕೆ ಬರ್ಬೇಡ ಉಗ್ಗಪ್ಪ. ನಿನ್ನನ್ನು ಕಂಡ್ರೆ ನನಗೆ ತಡ್ಕೊಳ್ಳಲಿಕ್ಕೆ ಆಗುದಿಲ್ಲ."

"ಆಯ್ತು ಅಕ್ಕ" ಎಂದ ಉಗ್ಗಪ್ಪ. ನಾಯ್ಮಾರ್ಮೂಲೆಯವರೆಗೆ ನಡೆದೇ ಹೋದ.

ಅವನೇ ಒಪ್ಪಿಕೊಂಡ ಮೇಲೆ ಊರಿಗೆ ಉಳಿದ ಸಂಶಯವೂ ಹೋಯಿತು. ಲಾರಿ ಬಸ್ಸುಗಳು ಮತ್ತೆ ಆ ಶೆಡ್ಡಿನ ಕಡೆ ತಿರುಗಲಿಲ್ಲ. ಉಗ್ಗಪ್ಪ ಸೈಕಲ್ಲಿನ ಪಂಕ್ಚರು, ಸೀಮೆಎಣ್ಣೆ ಸ್ಟವ್ವು, ಹೊಲಿಗೆ ಮಿಶಿನು ನೋಡಿಕೊಂಡು ಕಾಲ ಹಾಕಿದ. ನಿಮ್ಮ ಹೊಟ್ಟೆಯಲ್ಲಿ ಉರಿಯುವುದಿಲ್ಲವೇ ಎಂದು ಸುಂದರಿ ಒಮ್ಮೆ ಕೇಳಿದಳು. ಉರಿಯುತ್ತದೆ ಎಂದ ಅವನು, ಸುಮ್ಮನೆ ದೊಡ್ಡ ಮಾತಾಡಲಿಲ್ಲ.

ವಾರಕ್ಕೆ ಎರಡು ಮೂರು ಸಲ ಆ ಮೋಟಾರ್ ಸೈಕಲ್ಲು ಶೆಡ್ಡಿನ ಮುಂದೆಯೇ ಹಾದು ಹೋಗುತ್ತಿತ್ತು. ಜನಾರ್ದನ ಭಟ್ಟರು ಈ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಮುಚ್ಚಳದ ಮೇಲೆ ಬೆಳಗಿನ ಗಂಧ ಇರುತ್ತಿತ್ತು. ಉಗ್ಗಪ್ಪ ಕೈಯಲ್ಲಿದ್ದ ಟ್ಯೂಬನ್ನು ಹಾಗೆಯೇ ಹಿಡಿದುಕೊಂಡು, ಶಬ್ದ ಚೆಂಗಳದ ತಿರುವು ದಾಟಿ ಪೂರ್ತಿ ಅಡಗುವವರೆಗೆ ಕೇಳುತ್ತಿದ್ದ. ಆಮೇಲೆ ಪಂಪಿಗೆ ಕೈ ಹಾಕುತ್ತಿದ್ದ.